ಗೌರವ್ವನ ಮುಂಗೈ ಮಾಯುವವರೆಗೆ

ಕಲ್ಲೋಳಿಯ ಗೌರವ್ವನ ಎಡ ಮುಂಗೈ ಕೀವು ತುಂಬಿಕೊಳ್ಳಬಹುದಿತ್ತು. ಕೆಂಪು ಗೆರೆಯೊಂದು ಮೊಳಕೈ ಕಡೆಗೆ ಏರಬಹುದಿತ್ತು. ಸಕ್ಕರೆ ಕಾಯಿಲೆಯ ಮೈ, ಗಾಯ ತಿಂಗಳುಗಟ್ಟಲೆ ಮಾಯದೆ ಉಳಿಯಬಹುದಿತ್ತು. ಮುಂಜಾನೆಯ ರೂಢಿಯಂತೆ ಆಕೆ ಅದರ ಮೇಲೆಯೇ ವಿಭೂತಿ ಬಳಿದುಕೊಳ್ಳಬಹುದಿತ್ತು. ಓಣಿಯ ಯಾರೋ ಹಿತೈಷಿ ಅರಿಶಿನಕ್ಕೆ ಕೊಬ್ಬರಿ ಎಣ್ಣೆ ಕಲಸಿ ತಂದು ಮೆತ್ತಬಹುದಿತ್ತು. ಹಸಿರು ಬಳೆ ಒಡೆದು ಚೂರು ನೆಡಬಹುದಿತ್ತು. ತುರಿಕೆ ತಾಳಲಾರದೆ ಆಕೆಯೇ ಉಗುರು ಹಾಕಿ ಹಕ್ಕಳೆ ಕಿತ್ತುಕೊಳ್ಳಬಹುದಿತ್ತು. ಕಬ್ಬಿನ ಗರಿ ಗೀರಬಹುದಿತ್ತು. ಎಮ್ಮೆ ನೆಕ್ಕಬಹುದಿತ್ತು. ಎಮ್ಮೆಯ ಮಾತಿಗೆ ನೀವು ನಗುತ್ತೀರಿ, ಗೊತ್ತು. ಆದರೆ ಬೆವರಿನ ಉಪ್ಪಿನ ರುಚಿಗೆ ಎಮ್ಮೆ ಕೈ ನೆಕ್ಕುತ್ತದೆ ಎಂಬುದನ್ನು ನಾನು ದನದ ಡಾಕ್ಟರನ್ನೇ ಕೇಳಿ ಖಾತ್ರಿ ಮಾಡಿಕೊಂಡಿದ್ದೇನೆ. ಇವೆಲ್ಲವನ್ನೂ ದಾಟಿದರೂ, ಪೂಜೆಗೆ ಕುಳಿತಾಗ ಆಕೆಯ ಅಂಗೈಯಿಂದ ಲಿಂಗ ಜಾರಿ ಬೀಳಬಹುದಿತ್ತು, ಅದೂ ನಾನು ಕೊಟ್ಟ ಸಲಹೆಯಿಂದ.

ಇವುಗಳಲ್ಲಿ ಒಂದೂ ಆಗಲಿಲ್ಲ. ಆದದ್ದು ಬೇರೆಯೇ ಒಂದು, ಬಹಳ ಸಣ್ಣದು. ಅದಕ್ಕೆ ಆಮೇಲೆ ಬರುತ್ತೇನೆ.

ನಾನು ಗೋಕಾಕದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಒಂದು ಕರದಂಟಿನ ಅಂಗಡಿಯ ಮಾಳಿಗೆಯ ಮೇಲೆ, ಹಚ್ಚೆ ಹಾಕುತ್ತಿದ್ದವನು. ಈಗ ಬಿಟ್ಟಿದ್ದೇನೆ. ನಿವೃತ್ತಿ ಎಂದು ಹೇಳಿದರೆ ನನ್ನ ಹೆಂಡತಿ ಸುರೇಖಾ ನಗುತ್ತಾಳೆ. ಪಿಂಚಣಿ ಇಲ್ಲ, ಶಾಲು ಹೊದಿಸಿದವರಿಲ್ಲ, ತಲೆಯಲ್ಲಿ ಇನ್ನೂ ಅರ್ಧ ಕರಿ ಕೂದಲಿದೆ. ಆದರೆ ಕಣ್ಣಿಗೆ ಚಾಳೀಸು ಬಂದಿತ್ತು. ಕನ್ನಡಕ ಹಾಕಿದರೆ ಸೂಜಿಯ ಮೊನೆ ಕಾಣುತ್ತಿತ್ತು, ತೆಗೆದರೆ ಗಿರಾಕಿಯ ಮುಖ ಕಾಣುತ್ತಿತ್ತು. ಎರಡನ್ನೂ ಒಟ್ಟಿಗೆ ನೋಡುವ ಭಾಗ್ಯ ಮುಗಿದಿತ್ತು. ಅಂಗಡಿಯನ್ನು ಮೂಡಲಗಿಯ ಸವಿತಾ ಎಂಬ ಹುಡುಗಿಗೆ ಬಿಟ್ಟುಕೊಟ್ಟೆ. ಅವಳ ಕೈ ನನ್ನದಕ್ಕಿಂತ ಚೆನ್ನಾಗಿದೆ. ಅವಳೇ ಒಂದು ದಿನ, "ಕಾಕಾ, ನೀವು ಮಂದಿಗೆ ಹೇಳತಿದ್ದ ಎಲ್ಲಾ ಎಲ್ಲೆರ ಬರದಿಡ್ರಿ, ನನಗ ಅಷ್ಟ ಹೆದರಿಸಾಕ ಬರೂದಿಲ್ಲ" ಎಂದಳು. ಅದಕ್ಕಾಗಿ ಬರೆಯುತ್ತಿದ್ದೇನೆ.

ಹೊಸದಾಗಿ ಈ ಕೆಲಸಕ್ಕೆ ಬರುವವರೆಲ್ಲ ಯಂತ್ರದ ಬಗ್ಗೆ ಕೇಳುತ್ತಾರೆ, ಬಣ್ಣದ ಬಗ್ಗೆ ಕೇಳುತ್ತಾರೆ. ಗಿರಾಕಿ ಮೆಟ್ಟಿಲಿಳಿದು ಹೋದ ಮೇಲೆ ಏನಾಗುತ್ತದೆ ಎಂದು ಯಾರೂ ಕೇಳುವುದಿಲ್ಲ. ನಿಜವಾದ ಕೆಲಸ ಶುರುವಾಗುವುದೇ ಆಗ, ಮತ್ತು ಆ ಕೆಲಸ ನಮ್ಮ ಕೈಯಲ್ಲಿ ಇರುವುದಿಲ್ಲ. ನಮ್ಮ ಹೊಟ್ಟೆಯಲ್ಲಿ ಮಾತ್ರ ಇರುತ್ತದೆ.

ನನಗೆ ಕೆಲಸ ಕಲಿಸಿದವನು ಹುಕ್ಕೇರಿಯ ರಾಜೂ ಉಸ್ತಾದ. ಸಂತೆಯ ದಿನ ತಾಡಪಾಲಿನ ಕೆಳಗೆ ಬ್ಯಾಟರಿ ಯಂತ್ರ ಇಟ್ಟುಕೊಂಡು ಕೂಡುತ್ತಿದ್ದ. ಎದುರಿಗೆ ಒಂದು ಹಲಗೆ, ಅದರ ಮೇಲೆ ಚೇಳು, ಹುಲಿ, ಹೃದಯ, ಶಿವ. ಎಲ್ಲರಿಗೂ ಒಂದೇ ಸೂಜಿ. ನಡುನಡುವೆ ಅದನ್ನು ತೊಡೆಯ ಮೇಲಿನ ಅರಿವೆಗೆ ಒರೆಸುತ್ತಿದ್ದ. ಹಚ್ಚೆ ಮುಗಿದರೆ ಬೆರಳ ತುದಿಯಲ್ಲಿ ಕೊಬ್ಬರಿ ಎಣ್ಣೆ ಸವರಿ, "ಹೋಗು, ಆತು" ಎನ್ನುತ್ತಿದ್ದ. ನಾನು ಹಿಂದೆ ಕುಳಿತು ಒಬ್ಬೊಬ್ಬರ ಕೈಯನ್ನೂ ಸಂತೆಯ ಗದ್ದಲದಲ್ಲಿ ಕಣ್ಮರೆಯಾಗುವವರೆಗೆ ನೋಡುತ್ತಿದ್ದೆ.

ಒಮ್ಮೆ ಧೈರ್ಯ ಮಾಡಿ ಕೇಳಿದೆ: "ಉಸ್ತಾದ, ಆ ಮನಶ್ಯಾನ ಕೈ ಕೆಟ್ರ?"

"ಚರ್ಮ ಅವರದು, ಚಿಂತಿ ಅವರದು. ನಮ್ಮದು ಸೂಜಿ ಅಷ್ಟ."

"ಸೂಜೀನ ಕುದಿಯೂ ನೀರಾಗ ಹಾಕೂಣೇನ್ರಿ?"

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಇಷ್ಟ ಹೆದರೂ ಮಗಾ ನೀ ಭಜಿ ಅಂಗಡಿ ಹಾಕು."

ಭಜಿ ಅಂಗಡಿಯ ಬಗ್ಗೆ ನಾನು ಎರಡು ದಿನ ನಿಜವಾಗಿಯೂ ಯೋಚಿಸಿದೆ. ಕಾದ ಎಣ್ಣೆಯ ಬಾಣಲೆ ಕಣ್ಣ ಮುಂದೆ ಬಂದು, ಸೂಜಿಯೇ ವಾಸಿ ಎನಿಸಿತು. ಮುಂದೆ ಕಾಲ ಬದಲಾಯಿತು. ಒಮ್ಮೆ ಬಳಸಿ ಎಸೆಯುವ ಸೂಜಿ ಬಂತು, ಕೈಗವಸು ಬಂತು, ಗಾಯದ ಮೇಲೆ ಅಂಟಿಸುವ ತೆಳು ಪೊರೆ ಬಂತು. ಪ್ರತಿಯೊಂದು ಬಂದಾಗಲೂ ಇನ್ನು ನೆಮ್ಮದಿ ಎಂದುಕೊಂಡೆ. ಆದರೆ ಪೊರೆ ಅಂಟಿಸಿಕೊಂಡ ಮೊದಲ ಗಿರಾಕಿಗಳಲ್ಲೇ ಒಬ್ಬ ಅದನ್ನು ಹೊಸ ಮೊಬೈಲಿನ ಗಾಜಿನ ಮೇಲಿನ ಹಾಳೆಯಂತೆ ಭಾವಿಸಿ, ಹಾಳಾಗಬಾರದೆಂದು ವಾರಗಟ್ಟಲೆ ತೆಗೆಯದೆ ಇಟ್ಟುಕೊಂಡು ಬಂದ. ಒಳಗೆ ಕೈ ನೆನೆದ ಅವಲಕ್ಕಿಯಂತಾಗಿತ್ತು. ಅವನಿಗೆ ನಾನು ಪೊರೆ ಯಾವಾಗ ತೆಗೆಯಬೇಕು ಎಂದು ಹೇಳಿದ್ದೆ. ಯಾಕೆ ತೆಗೆಯಬೇಕು ಎಂದು ಹೇಳಿರಲಿಲ್ಲ. ಅಂದಿನಿಂದ ಯಾಕೆ ಎಂಬುದನ್ನೂ ಹೇಳಲು ಶುರುಮಾಡಿದೆ, ಮತ್ತು ನನ್ನ ಮಾತು ಎಂದೂ ಮುಗಿಯದಾಯಿತು.

ಹೇಳಬೇಕಾದದ್ದು ಹೆಚ್ಚೇನಿಲ್ಲ. ಹೊಸ ಹಚ್ಚೆ ಅಂದರೆ ಗಾಯ. ಚಿತ್ರ ಅಂತ ನೋಡಬೇಡಿ, ತರಚಿದ ಮೊಣಕಾಲು ಅಂತ ನೋಡಿ. ತೊಳೆದ ಕೈಯಿಂದ ಮಾತ್ರ ಮುಟ್ಟಿ. ಕಾಯಿಸಿ ಆರಿಸಿದ ನೀರು, ವಾಸನೆಯಿಲ್ಲದ ಸಾಬೂನು; ಉಜ್ಜಬೇಡಿ, ಒತ್ತಿ ಒರೆಸಿ. ಮುಲಾಮು ತೆಳ್ಳಗೆ, ಮೈ ಮಿನುಗುವಷ್ಟು ಮಾತ್ರ. ರೊಟ್ಟಿಗೆ ಬೆಣ್ಣೆ ಹಚ್ಚಿದ ಹಾಗಲ್ಲ. ಕಾಲುವೆಯಲ್ಲಿ ಈಜು ಬೇಡ, ಬಿಸಿಲು ಬೇಡ. ಕೆಲವು ದಿನಕ್ಕೆ ಮೇಲಿನ ಚರ್ಮ ಈರುಳ್ಳಿ ಸಿಪ್ಪೆಯ ಹಾಗೆ ಏಳುತ್ತದೆ, ತುರಿಸುತ್ತದೆ. ಆಗ ಕೆರೆಯಬೇಡಿ, ಕೀಳಬೇಡಿ, ತಾನಾಗಿ ಬೀಳಲಿ. ಕೆಂಪು ಹರಡಿದರೆ, ಬಿಸಿಯಾದರೆ, ಕೀವು ಬಂದರೆ, ಜ್ವರ ಬಂದರೆ ನನ್ನ ಹತ್ತಿರ ಬರಬೇಡಿ, ಡಾಕ್ಟರ ಹತ್ತಿರ ಹೋಗಿ. ಇಷ್ಟೇ. ಯಾವ ಊರಲ್ಲಾದರೂ ಇದನ್ನೇ ಹೇಳುತ್ತಾರೆ.

ಆದರೆ ನಮ್ಮ ಕಡೆಯ ಮಂದಿಗೆ ಇಷ್ಟು ಸಾಲುವುದಿಲ್ಲ. ಅವರು ಈ ಮಾತುಗಳನ್ನೆಲ್ಲ ಪಾಲಿಸಿ, ಇದರಲ್ಲಿ ಇಲ್ಲದ್ದನ್ನು ಮಾಡಿಕೊಂಡು ಬರುತ್ತಾರೆ. ಮೇಲವಂಕಿಯ ನನ್ನ ದೊಡ್ಡಪ್ಪನ ಮೊಮ್ಮಗ ಮುಂಗೈ ಮೇಲೆ ಹುಲಿ ಹಾಕಿಸಿಕೊಂಡ. ನಾವು ಕುರಿ ಕಾಯುವ ಮನೆತನದವರು, ನಮ್ಮ ದೇವರಿಗೆ ಭಂಡಾರ ಬೇಕು. ಅವನು ಗುಡಿಗೆ ಹೋಗಿ, ಎಲ್ಲರೂ ತೂರಿದ ಅರಿಶಿನ ಪುಡಿಯಲ್ಲಿ ಮಿಂದು, ಹಸಿ ಗಾಯದ ತುಂಬ ಅದನ್ನು ಮೆತ್ತಿಸಿಕೊಂಡು ಬಂದ. ಹುಲಿಗೆ ಕಾಮಾಲೆ ಆದಂತಿತ್ತು.

"ಕಾಕಾ, ಭಂಡಾರ ದೇವರದು. ಅದರಿಂದ ಹೆಂಗ ಕೆಡತೈತಿ?" ಎಂದ.

"ದೇವರಿಂದ ಕೆಡೂದಿಲ್ಲೋ. ತೂರಿದವರು ಕೈ ತೊಳಕೊಂಡಿದ್ರೇನು?"

ಇನ್ನೊಬ್ಬ, ಬೆನ್ನಿನ ಮೇಲೆ ಸಿಂಹ ಹಾಕಿಸಿಕೊಂಡು ಮರುದಿನವೇ ಕಬ್ಬಿನ ಹೊರೆ ಹೊತ್ತ. ಬಿಸಿಲು ಬೇಡ ಎಂದಿದ್ದೆನಲ್ಲ, ಅದಕ್ಕೆ ಅಂಗಿ ಹಾಕಿಕೊಂಡೇ ಹೊತ್ತಿದ್ದನಂತೆ. ಸಿಂಹದ ಕೇಸರವೆಲ್ಲ ಅಂಗಿಗೆ ಅಂಟಿ ಬಂತು. ಇಂಥವುಗಳಿಂದ ನಾನು ಕಲಿತದ್ದು ಒಂದೇ: ಸೂಜಿ ಎತ್ತುವ ಮೊದಲು ಆ ಮನುಷ್ಯ ಮುಂಜಾನೆ ಎದ್ದಾಗಿನಿಂದ ಮಲಗುವವರೆಗೆ ಆ ಕೈಯಿಂದ ಏನೇನು ಮಾಡುತ್ತಾನೆ ಎಂದು ಕೇಳಬೇಕು. ಹೀಗೆ ಕೇಳಿ ಕೇಳಿ ಅನೇಕರು ಬೇಸತ್ತು ಹಚ್ಚೆ ಹಾಕಿಸಿಕೊಳ್ಳದೆಯೇ ಹೋದರು. ಅವರ ಕೈಗಳಾದರೂ ಸುರಕ್ಷಿತವಾಗಿವೆ.

ಹೀಗಿರುವಾಗ ಗೌರವ್ವ ಬಂದಳು. ಮಗ ಬಸವರಾಜ ಅವಳನ್ನು ಬೈಕಿನ ಮೇಲೆ ಕಲ್ಲೋಳಿಯಿಂದ ಕರೆತಂದಿದ್ದ. ಮೆಟ್ಟಿಲು ಹತ್ತಿ ದಮ್ಮು ಹಿಡಿದುಕೊಂಡು ಕುಳಿತವಳೇ, ಬಳೆ ಹಿಂದೆ ಸರಿಸಿ ಎಡಗೈಯನ್ನು ಅಂಗಾತ ಮಾಡಿ ನನ್ನ ಮುಂದೆ ಚಾಚಿದಳು. ಮುಂಗೈಯ ಒಳಭಾಗದಲ್ಲಿ ಹಸಿರು ಕಲೆಯೊಂದಿತ್ತು. ಒಂದು ಕಡೆ ಸಣ್ಣ ಗುಡ್ಡೆ, ಒಂದು ಕಡೆ ದೊಡ್ಡ ಗುಡ್ಡೆ, ನಡುವೆ ಮಸುಕು.

"ಇದೇನ ಹೇಳು ನೋಡೂಣ, ತಮ್ಮಾ" ಎಂದಳು.

ನಾನು ಕನ್ನಡಕ ಹಾಕಿ ನೋಡಿದೆ, ತೆಗೆದು ನೋಡಿದೆ. ಸುಳ್ಳು ಹೇಳಲು ಬರಲಿಲ್ಲ. "ಕೋಳಿ ಇದ್ದಂಗ ಐತ್ರಿ, ಅವ್ವಾರ."

ಗೌರವ್ವ ಮಗನ ಕಡೆ ತಿರುಗಿದಳು. "ನೋಡಿದೇನ? ಇಂವನೂ ಅದನ್ನ ಅಂದ. ಇದು ಗಿಣಿ, ತಮ್ಮಾ. ನಾನೂ ನಮ್ಮಕ್ಕನೂ ಸಣ್ಣವರಿದ್ದಾಗ ಒಂದ ದಿನ ಕುಂತು ಹಾಕಿಸಿಕೊಂಡಿದ್ದು. ಜೋಡಿ ಗಿಣಿ. ಅಕಿ ಹುಕ್ಕೇರಿಗೆ ಹೋದಳು, ಅಲ್ಲೆ ನೆರಳಾಗ ಕುಂತು ಅಂಗಡಿ ಮಾಡಿದಳು. ಅಕಿದು ಇನ್ನೂ ಗಿಣೀನ ಐತಿ. ನಾ ಹೊಲದಾಗ ಬಿಸಲಾಗ ದುಡದೆ, ನಂದು ಕೋಳಿ ಆತು."

"ಆಗಲಿ ಬಿಡ ಯವ್ವಾ" ಎಂದ ಬಸವರಾಜ.

"ನಿನಗೇನ ಹೋಗತೈತಿ? ನಾವು ಲಿಂಗಾ ಕಟ್ಟಿದ ಮಂದಿ. ದಿನಾ ಮುಂಜಾನೆ ಈ ಕೈಯಾಗ ಲಿಂಗಾ ಹಿಡದು ಕಣ್ಣ ಮುಂದ ತಂದ್ರ ಕೆಳಗ ಕೋಳಿ. ಮೊಮ್ಮಗಳು ಬಾಜೂಕ ಕುಂತು, ಆಯೀ ನಿನ್ನ ಕೋಳಿಗೆ ಕಾಳ ಹಾಕಲಾ, ಅಂತಾಳ. ಪೂಜಿ ಮಾಡ್ಲ್ಯೋ, ನಗ್ಲ್ಯೋ?"

ಬಸವರಾಜ ನನ್ನನ್ನು ಹೊರಗೆ ಕರೆದ. "ಸಿದ್ದಪ್ಪಣ್ಣಾ, ಅವ್ವಗ ಸಕ್ಕರಿ ಐತಿ. ನೀವ ಬ್ಯಾಡ ಅಂದಬಿಡ್ರಿ. ನನ್ನ ಮಾತ ಕೇಳವಲ್ಲಳು."

ಬೇಡ ಎನ್ನಲು ನನಗೆ ಯಾರೂ ಒತ್ತಾಯಿಸಬೇಕಿಲ್ಲ. ಒಳಗೆ ಬಂದು ಹೇಳಿದೆ: ಸಕ್ಕರೆ ಇದ್ದವರಿಗೆ ಗಾಯ ಬೇಗ ಮಾಯುವುದಿಲ್ಲ, ವಯಸ್ಸಿನ ಚರ್ಮ ತೆಳು, ಕೆಟ್ಟರೆ ಕೈಗೇ ಬರುತ್ತದೆ. ಆ ಕೈ ಹೋದರೆ ಲಿಂಗ ಎಲ್ಲಿ ಹಿಡಿಯುತ್ತೀರಿ. ಆಕೆ ಎದ್ದು ಹೋದಳು. ನಾನು ನಿಟ್ಟುಸಿರು ಬಿಟ್ಟೆ. ಕೆಲವು ದಿನಗಳ ನಂತರ, ಸಕ್ಕರೆ ಹತೋಟಿಯಲ್ಲಿದೆ, ಜಾಗರೂಕತೆಯಿಂದ ಸಣ್ಣದಾಗಿ ಮಾಡಿಸಬಹುದು ಎಂದು ಡಾಕ್ಟರಿಂದ ಬರೆಸಿಕೊಂಡು ಬಂದಳು. ನಾನು ನಂಬದೆ ಆ ಡಾಕ್ಟರಿಗೇ ಫೋನು ಮಾಡಿದೆ. ಅವರು, "ಹೌದ್ರಿ, ನಾನ ಬರದದ್ದು. ಆದ್ರ ಚೂರು ಕೆಂಪಾದ್ರೂ ಕರಕೊಂಡ ಬರ್ರಿ" ಎಂದರು. ಆ ಎರಡನೆಯ ವಾಕ್ಯ ನನ್ನೊಳಗೆ ಮನೆ ಕಟ್ಟಿಕೊಂಡು ಕುಳಿತಿತು.

ಆಮೇಲೆ ನನ್ನ ಪ್ರಶ್ನೆಗಳು ಶುರುವಾದವು. ಮುಂಜಾನೆ ಎದ್ದು ಏನು ಮಾಡುತ್ತೀರಿ? ಎಮ್ಮೆ ಯಾರು ಹಿಂಡುತ್ತಾರೆ? ಸೊಸೆ ಹಿಂಡುತ್ತಾಳೆ. ಪಾತ್ರೆ? ಸೊಸೆ. ರೊಟ್ಟಿ? ಅದು ನಾನು. ಹಿಟ್ಟು ನಾದುವುದು ಯಾವ ಕೈಯಿಂದ? ಎರಡೂ ಕೈಯಿಂದ. ಹಾಗಾದರೆ ಮಾಯುವವರೆಗೆ ರೊಟ್ಟಿ ಸೊಸೆಯ ಪಾಲಿಗೆ. ಇಲ್ಲಿಯವರೆಗೆ ಎಲ್ಲ ಸರಳ. ಪೂಜೆಯ ವಿಷಯ ಬಂದಾಗ ನನ್ನ ಬೆವರು ಇಳಿಯತೊಡಗಿತು.

"ಕೆಲವು ದಿನ ಪೂಜಿ..." ಎಂದೆ.

"ಅದನ್ನ ಬಾಯಾಗ ತರಬ್ಯಾಡ. ಲಿಂಗಪೂಜಿ ಬಿಡಾಕ ಬರೂದಿಲ್ಲ."

"ಬಲಗೈಯಾಗ ಹಿಡದು..."

ಬಸವರಾಜ ಕೆಮ್ಮಿದ. ಗೌರವ್ವ ನನ್ನನ್ನು ಪಾಪ ಎಂಬಂತೆ ನೋಡಿದಳು. ಲಿಂಗ ಇರುವುದು ಎಡ ಅಂಗೈಯಲ್ಲಿ. ಅದರ ಮೇಲೆ ನೀರು ಹಾಕುತ್ತಾಳೆ, ವಿಭೂತಿ ಇಡುತ್ತಾಳೆ, ಹೂ ಇಡುತ್ತಾಳೆ. ಕೈ ಎತ್ತಿ ಕಣ್ಣಿನ ಮುಂದೆ ಹಿಡಿದರೆ ಆ ನೀರೆಲ್ಲ ಅಂಗೈಯಿಂದ ಹರಿದು ನೇರವಾಗಿ ಗಿಣಿಯ ಮೇಲೆ. ದಿನಾ ಮುಂಜಾನೆ, ಹಸಿ ಗಾಯದ ಮೇಲೆ, ವಿಭೂತಿ ಕಲಸಿದ ನೀರು. ನನ್ನ ವೃತ್ತಿಯಲ್ಲಿ ಯಾರ ಕೈಯೂ ಮುಂಜಾನೆದ್ದು ಇಷ್ಟು ನಿಯಮದಿಂದ ನನ್ನ ಮಾತಿಗೆ ವಿರುದ್ಧ ನಡೆದಿರಲಿಲ್ಲ.

"ಬೆರಳು ಚೂರು ಕೆಳಗ ಮಾಡಿದ್ರ ನೀರು ಬೆರಳಿನ ಕಡೆ ಹೋಗತೈತಲ್ರಿ, ಅವ್ವಾರ" ಎಂದೆ ನಾನು. ಬಾಯಿಂದ ಮಾತು ಹೊರಬಿದ್ದ ಕೂಡಲೇ ಲಿಂಗ ಜಾರುವ ಚಿತ್ರ ಕಣ್ಣ ಮುಂದೆ ಬಂತು. "ಬ್ಯಾಡ, ಬ್ಯಾಡ. ಲಿಂಗ ಜಾರಿದ್ರ?"

"ನಾ ಇಷ್ಟ ವರ್ಷ ಹಿಡದೇನಿ. ಜಾರೂದಿಲ್ಲ."

"ಸಲಹೆ ನಂದಲ್ಲೇನ್ರಿ? ಜಾರಿದ್ರ ನನ್ನ ಹೆಸರ ಬರತೈತಿ."

ಕೊನೆಗೆ ಉಪಾಯ ಅವಳೇ ಹೇಳಿದಳು. ನೀರು ಸುರಿಯುವುದು ಬೇಡ, ಬಿಲ್ವಪತ್ರಿಯ ತುದಿ ಅದ್ದಿ ಒಂದು ಹನಿ ಇಡುತ್ತೇನೆ. ಹನಿಗೆ ಹರಿಯುವಷ್ಟು ಕಸುವಿಲ್ಲ. ವಿಭೂತಿ ಮುಂಗೈಗೆ ಹಚ್ಚುವುದನ್ನು ಮಾಯುವವರೆಗೆ ಬಿಡುತ್ತೇನೆ, ಹಣೆಗೆ ಹಚ್ಚಿಕೊಂಡರೆ ಸಾಕು. ಆಮೇಲೆ ಬಳೆಯ ವಿಷಯ. ಗಂಡ ಎದುರಿಗಿರುವಾಗ ಕೈ ಬರಿದು ಮಾಡುವ ಮಾತಿಲ್ಲ. ಬಳೆಗಳನ್ನು ಮೇಲಕ್ಕೇರಿಸಿ, ಜಾರದಂತೆ ಅರಿವೆ ಚೂರಿನಿಂದ ಸಡಿಲವಾಗಿ ಕಟ್ಟುವುದು ಎಂದಾಯಿತು. ಈ ಒಪ್ಪಂದಕ್ಕೆ ಹಿಡಿದಷ್ಟು ಹೊತ್ತು ಹಚ್ಚೆ ಹಾಕಲು ಹಿಡಿಯಲಿಲ್ಲ.

ಹಾಕುವ ದಿನ, ಆಗಿನ್ನೂ ಕೆಲಸ ಕಲಿಯುತ್ತಿದ್ದ ಸವಿತಾ ಬೆಳಕು ಹಿಡಿದಳು. ಹಳೆಯ ಕಲೆಯ ಮೇಲೆಯೇ ತೆಳು ಗೆರೆಯಲ್ಲಿ ಗಿಣಿ ತೆಗೆಯಬೇಕಿತ್ತು. ಕಲೆಯಲ್ಲಿ ಏನೂ ಸ್ಪಷ್ಟವಿಲ್ಲ. ಹೆಬ್ಬೆರಳಿನ ಕಡೆ ಸಣ್ಣ ಗುಡ್ಡೆ, ಕಿರುಬೆರಳಿನ ಕಡೆ ದೊಡ್ಡದು. ಮೊಮ್ಮಗಳನ್ನೂ ಕರೆತಂದಿದ್ದರು, ಅವಳು ಸಣ್ಣ ಗುಡ್ಡೆಯ ಮೇಲೆ ಬೆರಳು ತೋರಿಸಿ, "ಇದು ಕೋಳಿ ತಲಿ" ಎಂದಳು. ನನಗೂ ಹಾಗೆಯೇ ಕಂಡಿತು. ಕೊಕ್ಕು ಅಲ್ಲಿ ಇಟ್ಟೆ, ಬಾಲ ಇತ್ತ ಇಳಿಸಿದೆ. ನನ್ನ ಗಮನವೆಲ್ಲ ಸೂಜಿ ಆಳಕ್ಕೆ ಇಳಿಯಬಾರದು ಎಂಬುದರ ಮೇಲಿತ್ತು. ಗೌರವ್ವ ಒಮ್ಮೆಯೂ ಮುಖ ಕಿವುಚಲಿಲ್ಲ. "ಅಂದು ಹಾಕಿದಕಿ ಇದಕ್ಕಿಂತ ಜೋರ ಚುಚ್ಚಿದ್ದಳು. ನೀ ಏನ ಕೆರಸಾಕತ್ತೀಯೋ?" ಎಂದಳು.

ಆಮೇಲಿನ ದಿನಗಳಲ್ಲಿ ನಾನು ಕಲ್ಲೋಳಿಗೆ ಹೋದಷ್ಟು ನನ್ನ ಅತ್ತೆಯ ಮನೆಗೂ ಹೋಗಿಲ್ಲ. ಎಮ್ಮೆ ಎಲ್ಲಿ ಕಟ್ಟಿದ್ದಾರೆ ಎಂದು ಮೊದಲ ದಿನವೇ ನೋಡಿಕೊಂಡು, ಗೌರವ್ವ ಕೂಡುವ ಕಟ್ಟೆಗೆ ಎಮ್ಮೆಯ ಹಗ್ಗ ಮುಟ್ಟುವುದಿಲ್ಲ ಎಂದು ಖಾತ್ರಿಯಾದ ಮೇಲೆ ಚಹಾ ಕುಡಿದೆ. ಸುರೇಖಾ ಮನೆಯಲ್ಲಿ, "ಹಚ್ಚಿ ಹಾಕಿಸಿಕೊಂಡಕಿ ಆರಾಮ ಅದಾಳ. ಹಾಕಿದಾಂವಗ ಜ್ವರ ಬಂದೈತಿ" ಎಂದು ಎಲ್ಲರಿಗೂ ಹೇಳುತ್ತಿದ್ದಳು. ನಿಜವಾಗಿಯೂ ನನಗೆ ಮೈ ಬೆಚ್ಚಗಾದಂತೆ ಅನಿಸುತ್ತಿತ್ತು.

ಮೇಲಿನ ಚರ್ಮ ಏಳಲು ಶುರುವಾದ ಹೊತ್ತಿಗೆ ಒಂದು ಮುಂಜಾನೆ ಹೋದೆ. ಗೌರವ್ವ ಪೂಜೆ ಮುಗಿಸಿ ಕಟ್ಟೆಯ ಮೇಲೆ ಕುಳಿತಿದ್ದಳು. ಕೈ ಚಾಚಿದಳು. ಗಿಣಿ ಸಿಪ್ಪೆ ಬಿಡುತ್ತಿತ್ತು, ಅದು ಸರಿ. ಆದರೆ ಗಿಣಿಯ ಸ್ವಲ್ಪ ಮೇಲಿನಿಂದ ಮೊಳಕೈ ಕಡೆಗೆ, ಅಲ್ಲಲ್ಲಿ ತಡೆದು, ಕೆಂಪು ಗೆರೆ ಏರಿತ್ತು.

ಈ ಗೆರೆಯನ್ನು ನಾನು ಎಷ್ಟು ವರ್ಷ ಎಷ್ಟು ಜನರಿಗೆ ವರ್ಣಿಸಿದ್ದೆನೆಂದರೆ, ಎದುರಿಗೆ ಕಂಡಾಗ ಹಳೆಯ ಪರಿಚಯದವನಂತೆ ಕಂಡಿತು. "ಬಸವರಾಜಾ, ಬೈಕ ತಗೀರಿ, ಲಗೂನ" ಎಂದೆ. ಗೌರವ್ವ ಏನೋ ಹೇಳಲು ಬಾಯಿ ತೆರೆದಳು. "ಮಾತಾಡಬ್ಯಾಡ್ರಿ ಅವ್ವಾರ, ದಮ್ಮು ಹತ್ತತೈತಿ" ಎಂದೆ. ಕೈ ಕೆಳಗಿಳಿಸಬೇಡಿ ಎಂದೆ. ಮೇಲೆತ್ತಬೇಡಿ ಎಂದೂ ಎಂದೆ. ಮೂವರೂ ಒಂದೇ ಬೈಕಿನ ಮೇಲೆ ಮೂಡಲಗಿಯ ದವಾಖಾನೆ ಮುಟ್ಟುವವರೆಗೆ ಆ ಕೈಯನ್ನು ನಾನು ಹಿಂದಿನಿಂದ ಹಿಡಿದುಕೊಂಡೇ ಇದ್ದೆ. ದಾರಿಯುದ್ದಕ್ಕೂ ಒಂದೇ ವಿಚಾರ: ಈ ಕೈ ಹೋದರೆ ನಾಳೆ ಮುಂಜಾನೆ ಈಕೆ ಲಿಂಗ ಎಲ್ಲಿ ಹಿಡಿಯುತ್ತಾಳೆ.

ಡಾಕ್ಟರು ಕೈ ಹಿಡಿದು ನೋಡಿದರು, ಬೆರಳಿನಿಂದ ಒತ್ತಿದರು. ಬಿಸಿ ಇಲ್ಲ, ನೋವಿಲ್ಲ, ಬಾವಿಲ್ಲ. ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಗೆರೆಯ ಮೇಲೆ ಎಳೆದರು. ಗೆರೆ ಹತ್ತಿಗೆ ಬಂತು. ಹತ್ತಿ ಗುಲಾಬಿಯಾಯಿತು, ಕೈ ಸ್ವಚ್ಛವಾಯಿತು.

"ಬಳಿಗೆ ಏನ ಕಟ್ಟೀರಿ, ಅಜ್ಜಿ?" ಎಂದು ಕೇಳಿದರು.

"ಹಳೇ ಸೀರಿದು ಕೆಂಪು ಅಂಚು ಹರದು ಕಟ್ಟೇನ್ರಿ. ನೀರು ತಾಗಿ ಬಣ್ಣಾ ಬಿಟ್ಟೈತಿ. ಅದನ್ನ ಹೇಳಾಕ ಹೋದೆ, ಇಂವ ಬಾಯಿ ತಗೀಗೊಡಲಿಲ್ಲ."

ಬಸವರಾಜ ಗೋಡೆಯ ಕಡೆ ತಿರುಗಿ ನಿಂತ. ಅವನ ಹೆಗಲು ಅಲುಗುತ್ತಿತ್ತು. ಡಾಕ್ಟರು ನಗಲಿಲ್ಲ. "ಬಂದದ್ದು ಚಲೋ ಆತು" ಎಂದರು ನನಗೆ. "ಬಣ್ಣ ಅಂತ ತಿಳದು ಮನ್ಯಾಗ ಕುಂತು, ಅದು ಬಣ್ಣ ಅಲ್ದ ಇದ್ದಿದ್ರ ಏನ ಮಾಡ್ತಿದ್ರಿ?" ಆ ಮಾತನ್ನು ನಾನು ಮರೆತಿಲ್ಲ. ಹೊಸಬರೇ, ನೀವೂ ಮರೆಯಬೇಡಿ. ನೂರು ಸಲ ಸುಮ್ಮನೆ ಓಡಿ ನಗೆಪಾಟಲಾಗುವುದು ಈ ಕೆಲಸದ ಭಾಗವೇ. ಕಟ್ಟುವ ಅರಿವೆ ಬಿಳಿಯದೇ ಆಗಿರಲಿ, ತೊಳೆದದ್ದಿರಲಿ ಎಂಬುದನ್ನೂ ಸೇರಿಸಿಕೊಳ್ಳಿ. ನಾನು ಅದೊಂದನ್ನು ಹೇಳಿರಲಿಲ್ಲ.

ಗಿಣಿ ಮಾಯಿತು. ಬೇರೆಯವರಿಗಿಂತ ನಿಧಾನವಾಗಿ, ಆದರೆ ಎಲ್ಲೂ ಕೀವು ಕಟ್ಟದೆ, ಎಲ್ಲೂ ಉಬ್ಬದೆ ಮಾಯಿತು. ಕೊಕ್ಕು ಕೊಕ್ಕಾಗಿ, ರೆಕ್ಕೆ ರೆಕ್ಕೆಯಾಗಿ ಕಾಣುತ್ತಿತ್ತು. ಮೊಮ್ಮಗಳು ಕಾಳು ಹಾಕುವ ಮಾತು ಬಿಟ್ಟು, ಪೇರಲ ಹಣ್ಣು ತಂದು ಮುಂಗೈಗೆ ಹಿಡಿದಳಂತೆ. ಮಾಯಿದ ಮೇಲೂ ನನ್ನ ಉಪದೇಶ ನಿಲ್ಲಲಿಲ್ಲ. ಮೇಲೆ ಮಾಯಿದರೂ ಒಳಗೆ ಇನ್ನೂ ಮಾಯುತ್ತಿರುತ್ತದೆ. ಆಮೇಲೂ ಹಚ್ಚೆಯ ಶತ್ರು ಬಿಸಿಲೇ. ಹೊಲಕ್ಕೆ ಹೋದರೆ ಸೆರಗಿನಿಂದ ಮುಂಗೈ ಮುಚ್ಚಿಕೊಳ್ಳಿ. ಚರ್ಮ ಒಣಗಿದರೆ ಒಂದು ಹನಿ ಎಣ್ಣೆ ಸವರಿ, ಈಗ ಅದಕ್ಕೆ ಅಡ್ಡಿಯಿಲ್ಲ. ಹಚ್ಚೆಯನ್ನು ಒಂದು ತಿಂಗಳು ಕಾಯುವುದಲ್ಲ, ಮೈ ಇರುವವರೆಗೆ ಕಾಯಬೇಕು.

"ಇಷ್ಟ ನನ್ನ ಗಂಡನ್ನ ಕಾಯ್ದಿಲ್ಲೋ ತಮ್ಮಾ" ಎಂದಳು ಗೌರವ್ವ. ಒಳಗಿನಿಂದ ಅವಳ ಗಂಡ, "ಅದ ಖರೆ" ಎಂದ.

ಅಕ್ಕನಿಗೆ ತೋರಿಸಲು ಹುಕ್ಕೇರಿಗೆ ಹೊರಟಾಗ ನನ್ನನ್ನೂ ಕರೆದಳು. ಇದೇ ನನ್ನ ಕೊನೆಯ ಕೆಲಸ ಎಂದು ನಾನು ಅಷ್ಟರಲ್ಲಿ ತೀರ್ಮಾನಿಸಿಯಾಗಿತ್ತು. ನೋಡಿ ಮುಗಿಸೋಣ ಎಂದು ಹೋದೆ. ಬಸ್ಸಿನಲ್ಲಿ ಕಿಟಕಿಯ ಬಿಸಿಲು ಅವಳ ಎಡಗೈ ಮೇಲೆ ಬೀಳದಂತೆ ಜಾಗ ಬದಲಿಸಿ ಕೂರಿಸಿದೆ.

ಅಕ್ಕ ನೀಲವ್ವ ಮನೆಯ ಮುಂದಿನ ಕಟ್ಟೆಯ ಮೇಲೆ ಕಾಯುತ್ತಿದ್ದಳು. ತಂಗಿಗಿಂತ ಸಣಕಲು, ತಂಗಿಗಿಂತ ಮಾತು ಜೋರು. "ಬಂದಳು ನೋಡ, ಕೋಳಿ ಸಾಕಿದಕಿ" ಎಂದಳು. ಗೌರವ್ವ ಅವಳ ಪಕ್ಕಕ್ಕೆ ಕುಳಿತು, ಸೆರಗು ಸರಿಸಿ ಕೈ ಅಂಗಾತ ಇಟ್ಟಳು. ನೀಲವ್ವ ಕನ್ನಡಕ ಏರಿಸಿ, ಬಗ್ಗಿ, ಬಹಳ ಹೊತ್ತು ನೋಡಿದಳು. ಬೆರಳಿನಿಂದ ಮೃದುವಾಗಿ ಸವರಿದಳು. ಗಾಯ ಮಾಯಿದ್ದರೂ ನನಗೆ ಮೊದಲು ಬಂದ ಯೋಚನೆ: ಕೈ ತೊಳೆದಿದ್ದಾಳೋ ಇಲ್ಲವೋ.

"ಖರೇನ ಗಿಣಿ ಆಗೈತಿ" ಎಂದಳು. ದನಿ ಮೆತ್ತಗಾಗಿತ್ತು. ತನ್ನ ಎಡಗೈಯನ್ನೂ ಬಿಚ್ಚಿ ತಂಗಿಯ ಕೈಗೆ ತಾಗಿಸಿ ಇಟ್ಟಳು. ಎರಡು ಮುಂಗೈ, ಎರಡು ಗಿಣಿ. ಒಂದು ಹಳೆಯದು, ಒಂದು ಹೊಸದು. ನಾನು ಎಷ್ಟೋ ವಾರಗಳ ನಂತರ ಪೂರ್ತಿ ಉಸಿರು ಬಿಟ್ಟೆ.

"ಆದ್ರ ಗೌರೀ" ಎಂದಳು ನೀಲವ್ವ, "ಇದ್ಯಾಕ ಆ ಕಡೆ ಮಾರಿ ಮಾಡೇತಿ?"

ಗೌರವ್ವ ಬಗ್ಗಿದಳು. ನಾನೂ ಬಗ್ಗಿದೆ.

"ನಂದು ನಿನ್ನ ಕಡೆ ನೋಡಾಕತ್ತೈತಿ. ನಿಂದು ನನ್ನ ಕಡೆ ನೋಡಬೇಕಲ್ಲ? ಹಂಗ ಹಾಕಿಸಿದ್ದಳು ಅವ್ವ, ಮರತೇನ? ಅಕ್ಕಾ ತಂಗಿ ಬಾಜೂಕ ಕುಂತ್ರ ಗಿಣಿ ಎದರಬದರ ಆಗಬೇಕು ಅಂತ. ನಂದಕ್ಕ ಹೆಬ್ಬೆರಳಿನ ಕಡೆ ಮಾರಿ, ನಿಂದಕ್ಕ ಕಿರುಬೆರಳಿನ ಕಡೆ."

ಗೌರವ್ವ ತನ್ನ ಕೈಯನ್ನೇ ನೋಡುತ್ತ ಕುಳಿತಳು. "ಮರತ ಹೋಗಿತ್ತವ್ವಾ" ಎಂದಳು. "ಕೋಳಿ ತಲಿ ನೋಡಿ ನೋಡಿ ಅದನ್ನ ಗಿಣಿ ತಲಿ ಅಂತ ತಿಳಕೊಂಡೆ."

ಸಣ್ಣ ಗುಡ್ಡೆ ತಲೆಯಲ್ಲ, ಬಾಲದ ತುದಿ. ಅಳಿಸಲು ಬರುವುದಿಲ್ಲ. ಮೇಲೆ ಇನ್ನೊಮ್ಮೆ ಹಾಕಿದರೆ ಮತ್ತೆ ಗಾಯ, ಮತ್ತೆ ಮುಲಾಮು, ಮತ್ತೆ ಬಳೆ, ಮತ್ತೆ ಡಾಕ್ಟರು, ಕೊನೆಗೆ ಮತ್ತೆ ಕೋಳಿ. ನಾನು ಕೈ ಮುಗಿದು ಏನೋ ಹೇಳಲು ಹೋದೆ. ಇಬ್ಬರೂ ನನ್ನ ಕಡೆ ನೋಡಲೇ ಇಲ್ಲ.

"ಅಕ್ಕಾ, ನೀ ಈ ಕಡೆ ಬಾ. ನಾ ಆ ಕಡೆ ಕುಂಡ್ರತೇನಿ" ಎಂದಳು ಗೌರವ್ವ. ಎದ್ದು ಜಾಗ ಬದಲಿಸಿಕೊಂಡು ಮತ್ತೆ ಕೈಗಳನ್ನು ಜೋಡಿಸಿದರು. ಈಗ ತಂಗಿಯ ಗಿಣಿ ಅಕ್ಕನ ಕಡೆ ನೋಡುತ್ತಿತ್ತು, ಅಕ್ಕನ ಗಿಣಿ ಬೆನ್ನು ತಿರುಗಿಸಿತ್ತು. ಎರಡನ್ನೂ ಎದುರುಬದುರು ಮಾಡುವ ದಾರಿ ಯಾವ ಕಡೆ ಕುಳಿತರೂ ಇರಲಿಲ್ಲ.

"ಆತು ಬಿಡ" ಎಂದಳು ನೀಲವ್ವ. "ಈಗ ನೀ ನೋಡು. ಚಾ ಕುಡದ ಮ್ಯಾಲೆ ನಾ ನೋಡತೇನಿ."

ಚಹಾ ಬಂತು. ಕುಡಿದು ಮುಗಿಸಿ ಇಬ್ಬರೂ ಮಂಡಿ ಹಿಡಿದುಕೊಂಡು ಎದ್ದು, ಮತ್ತೆ ಜಾಗ ಬದಲಿಸಿ ಕುಳಿತರು. ವಿಭೂತಿ ಎಲ್ಲೆಲ್ಲಿ ಹಚ್ಚುತ್ತೀರಿ ಎಂದು ನಾನು ಕೇಳಿದ್ದೆ. ಬಳೆ ಎಷ್ಟು ಎಂದು ಕೇಳಿದ್ದೆ. ಎಮ್ಮೆಯ ಹಗ್ಗ ಎಷ್ಟು ಉದ್ದ ಎಂದು ಕೂಡ ಕೇಳಿದ್ದೆ. ಗಿಣಿಯ ಮುಖ ಯಾವ ಕಡೆ ಇತ್ತು ಎಂದು ಕೇಳಿರಲಿಲ್ಲ.